ಉಗಾಂಡಾಕ್ಕೆ ಹೋಗಿ ಹಿಟ್ಟು ಉಂಡು ಬಂದೆ, ಮುಂದಿನ ಸಲ ಅವ್ವನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಪಾಂಡವಪುರ ಪಯಣಿಗ

ಎಲ್ಲರಿಗೂ ನಮಸ್ಕಾರ. ಊರು ಪಾಂಡವಪುರ ತಾಲ್ಲೂಕು, ಈಗ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ದುಡ್ಡು ಕೂಡಿಟ್ಟು ಊಟಕ್ಕೋಸ್ಕರವೇ ದೇಶ ಸುತ್ತುವ ಅಭ್ಯಾಸ ನನಗೆ. ಮೊದಲ ಸಲ ಥಾಯ್ಲೆಂಡಿಗೆ ಒಂದು ಟೂರ್ ಕಂಪನಿಯ ಜೊತೆ ಹೋಗಿದ್ದೆ. ಐದು ದಿನವೂ ಮಧ್ಯಾಹ್ನ ಪನೀರ್, ರಾತ್ರಿ ಮತ್ತೆ ಪನೀರ್. ಬಸ್ಸಿನ ಕಿಟಕಿಯಾಚೆ ರಸ್ತೆ ಬದಿಯಲ್ಲಿ ಜನ ಬಿಸಿ ಬಿಸಿ ಏನೇನೋ ಉಣ್ಣುತ್ತಿದ್ದರು, ನಮ್ಮ ಬಸ್ಸು ಮಾತ್ರ ನಿಲ್ಲಲೇ ಇಲ್ಲ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮೇಲೆ ಒಬ್ಬನೇ ಹೋಗುತ್ತೇನೆ, ಅಲ್ಲಿಯ ಜನ ಉಣ್ಣುವುದನ್ನೇ ಉಣ್ಣುತ್ತೇನೆ ಅಂತ.

ಆಮೇಲೆ ನೇಪಾಳ, ಶ್ರೀಲಂಕಾ, ವಿಯೆಟ್ನಾಂ ಆಯಿತು. ಈ ವರ್ಷ ಉಗಾಂಡಾ ಮತ್ತು ಇಥಿಯೋಪಿಯಾ. ನೇಪಾಳದ ಬೆಟ್ಟದ ಊರೊಂದರಲ್ಲಿ ಧಿಂಡೋ ಅಂತ ತಂದಿಟ್ಟರು. ನೋಡಿದರೆ ನಮ್ಮ ಮುದ್ದೆ, ನಮ್ಮೂರ ಮಾತಲ್ಲಿ ಹಿಟ್ಟು! ಅಲ್ಲಿ ರಾಗಿಗೆ ಕೋದೋ ಅನ್ನುತ್ತಾರೆ. ಕಬ್ಬಿಣದ ಬಾಣಲೆಯಲ್ಲಿ ತಿರುವಿ, ಗುಂಡ್ರುಕ್ ಅನ್ನುವ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರಿನ ಜೊತೆ ಕೊಡುತ್ತಾರೆ. ಶ್ರೀಲಂಕಾದಲ್ಲಿ ರಾಗಿಗೆ ಕುರಕ್ಕನ್, ಅದರ ಮುದ್ದೆಗೆ ತಲಪ. ಉಗಾಂಡಾದಲ್ಲಿ ಕಾಲೊ. ರಾಗಿ ಹಿಟ್ಟಿಗೆ ಸ್ವಲ್ಪ ಮರಗೆಣಸಿನ ಹಿಟ್ಟು ಸೇರಿಸಿ, ಕುದಿಯುವ ಎಸರಿಗೆ ಸುರಿದು ಮರದ ಕೋಲಲ್ಲಿ ತಿರುವುತ್ತಾರೆ. ಮುಚ್ಚಳ ಇರುವ ಸಣ್ಣ ಬುಟ್ಟಿಯಲ್ಲಿಟ್ಟು ಬಡಿಸುತ್ತಾರೆ, ಆರಬಾರದು ಅಂತ. ಜೊತೆಗೆ ಕಡ್ಲೆಕಾಯಿ ಬೀಜ ಕುಟ್ಟಿ ಮಾಡಿದ ಗಟ್ಟಿ ಸಾರು. ಆ ಬುಟ್ಟಿಯ ಮುಚ್ಚಳ ತೆಗೆದಾಗ ಬಂದ ವಾಸನೆ ಇದೆಯಲ್ಲ, ನಮ್ಮ ಅಡುಗೆ ಮನೆಯದೇ. ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ರಾಗಿ ಎಲ್ಲೆಲ್ಲಿಗೆ ಹೋಗಿ ಮನೆ ಮಾಡಿದೆ ನೋಡಿ!

ಊರಿಗೆ ಬಂದು ಹೇಳಿದರೆ ಚಿಕ್ಕಪ್ಪ, "ಲಕ್ಷ ಲಕ್ಷ ಸುರಿದು ಅಲ್ಲಿಗಂಟ ಹೋಗಿ ಹಿಟ್ಟು ತಿಂದು ಬಂದ್ಯಾ? ನಿಮ್ಮವ್ವ ಇಲ್ಲೇ ತಿರುವಿ ಹಾಕ್ತಿರಲಿಲ್ವಾ?" ಅಂದರು. ಎಲ್ಲರೂ ನಕ್ಕರು. ನನಗೆ ಬೇಜಾರಾಯಿತು.

ನನ್ನ ಪ್ರಶ್ನೆ ಎರಡು. ದೂರ ಹೋಗಿ ನಮ್ಮದರಂಥದ್ದೇ ಊಟ ಹುಡುಕುವುದು ದುಡ್ಡು ದಂಡ ಮಾಡಿದ ಹಾಗಾ? ಎರಡನೆಯದು, ಈ ಕಥೆ ಕೇಳಿದ ಮೇಲೆ ಅವ್ವನಿಗೂ ನೋಡುವ ಆಸೆ ಬಂದಿದೆ. ಅವ್ವನಿಗೆ 62 ವರ್ಷ. ಮಾಂಸ, ಮೊಟ್ಟೆ ಬಿಟ್ಟು ಹನ್ನೆರಡು ವರ್ಷ ಆಯಿತು. ಎಲ್ಲಿಗೆ ಕರೆದುಕೊಂಡು ಹೋಗಲಿ?

ಮದ್ದೂರು ವಡೆ

ಬೇಜಾರು ಮಾಡ್ಕೋಬೇಡಿ ಅಣ್ಣ, ನಿಮ್ಮ ಚಿಕ್ಕಪ್ಪ ಹೇಳಿದ್ದರಲ್ಲಿ ನ್ಯಾಯ ಇದೆ. ನಾನು ಹೋದರೆ ಇಲ್ಲಿ ಸಿಗದೇ ಇರುವುದನ್ನು ತಿನ್ನಲು ಹೋಗುತ್ತೇನೆ. ಮುದ್ದೆ ನಮ್ಮ ಮನೆಯಲ್ಲಿ ದಿನಾ ಇದೆ. ವಿಯೆಟ್ನಾಂಗೆ ಹೋಗಿದ್ದೆ ಅಂದಿರಲ್ಲ, ಅದರ ಬಗ್ಗೆ ಒಂದು ಸಾಲೂ ಬರೆದಿಲ್ಲ!

ಕೆರೆ ಬಯಲು

ಪಯಣಿಗ ಅವರೇ, ಒಂದು ತಿದ್ದುಪಡಿ. ನಮ್ಮ ರಾಗಿ ಅಲ್ಲಿಗೆ ಹೋಗಿಲ್ಲ, ಅವರ ರಾಗಿ ಇಲ್ಲಿಗೆ ಬಂದಿದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ, ಅಂದರೆ ಇಥಿಯೋಪಿಯಾ, ಉಗಾಂಡಾ ಇರುವ ಜಾಗ. ಸಾವಿರಾರು ವರ್ಷ ಹಿಂದೆಯೇ ಅಲ್ಲಿಂದ ನಮ್ಮ ಕಡೆ ಬಂತು. ಇಥಿಯೋಪಿಯಾದಲ್ಲಿ ಅದಕ್ಕೆ ಈಗಲೂ ದಗುಸಾ ಅನ್ನುತ್ತಾರೆ.

ಇನ್ನೊಂದು ವಿಷಯ ಹೇಳಿದರೆ ನಿಮ್ಮ ಚಿಕ್ಕಪ್ಪನ ಬಾಯಿ ಮುಚ್ಚುತ್ತದೆ. ಅವರ ಹೊಲದಲ್ಲಿ ಇಂಡಾಫ್ ರಾಗಿ ಹಾಕಿದ್ದರಾ ಕೇಳಿ. ಮಂಡ್ಯ ಜಿಲ್ಲೆಯಲ್ಲಿ ಆ ಹೆಸರು ಗೊತ್ತಿಲ್ಲದ ರೈತ ಇಲ್ಲ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯ ಅವರು ನಮ್ಮ ತಳಿಗೂ ಆಫ್ರಿಕಾ ತಳಿಗೂ ಸಂಕರ ಮಾಡಿ ತೆಗೆದ ರಾಗಿ ಅದು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಎರಡೂ ಸೇರಿ ಇಂಡಾಫ್. ಆಫ್ರಿಕಾ ತಳಿಯ ತೆನೆ ದೊಡ್ಡದು. ಇಳುವರಿ ಜಾಸ್ತಿ ಬರಲಿ ಅಂತ ಆ ಗುಣವನ್ನು ತಂದರು. ನಮ್ಮಪ್ಪ ಇಂಡಾಫ್ ಹಾಕಿದ ಮೊದಲ ವರ್ಷ ಕಣದಲ್ಲಿ ರಾಶಿ ನೋಡಿ ಅಜ್ಜಿ ಪೂಜೆ ಮಾಡಿದ ನೆನಪು ನನಗಿದೆ. ಅಂದರೆ ನಿಮ್ಮವ್ವ ತಿರುವುವ ಹಿಟ್ಟಿನಲ್ಲೇ ಉಗಾಂಡಾ ಕಡೆಯ ರಕ್ತ ಇದೆ. ನೀವು ಹೋದದ್ದು ನೆಂಟರ ಮನೆಗೆ.

ಪಾಂಡವಪುರ ಪಯಣಿಗ

ಕೆರೆ ಬಯಲು ಅವರೇ, ತಪ್ಪು ಒಪ್ಪಿಕೊಂಡೆ. ಇಂಡಾಫ್ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ, ಬಿತ್ತನೆ ಚೀಲದ ಮೇಲೂ ನೋಡಿದ್ದೇನೆ. ಆ ಹೆಸರಲ್ಲಿ ಆಫ್ರಿಕಾ ಇದೆ ಅಂತ ಇವತ್ತಿನವರೆಗೆ ಹೊಳೆದಿರಲಿಲ್ಲ. ಈಗಲೇ ಚಿಕ್ಕಪ್ಪನಿಗೆ ಫೋನ್ ಮಾಡುತ್ತೇನೆ.

ಮದ್ದೂರು ವಡೆ, ವಿಯೆಟ್ನಾಂ ಬಗ್ಗೆ ಬರೆಯುತ್ತೇನೆ, ತಾಳಿ.

ಅಗ್ರಹಾರದ ಅತ್ತೆ

ಪಯಣಿಗ, ನಿಮ್ಮ ತಾಯಿ ವಿಚಾರಕ್ಕೆ ಬರುತ್ತೇನೆ. ನಾನು ಹುಟ್ಟಾ ಸಸ್ಯಾಹಾರಿ, ವಯಸ್ಸು 66. ಮಗಳ ಜೊತೆ ನಾಲ್ಕು ದೇಶ ನೋಡಿದ್ದೇನೆ. ಪ್ರತಿ ಸಲವೂ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಂದಿಷ್ಟು ಅವಲಕ್ಕಿ ಇಟ್ಟುಕೊಂಡೇ ಹೊರಡುವುದು. ಶ್ರೀಲಂಕಾದಲ್ಲಿ ಅಪ್ಪ, ಇಂದಿ ಅಪ್ಪ ಎಲ್ಲಾ ನೋಡಿ ಮನೆಗೆ ಬಂದ ಹಾಗಾಯಿತು. ಜೊತೆಗೆ ಕೊಟ್ಟ ತೆಂಗಿನಕಾಯಿ ಸಂಬೋಲ ನಮ್ಮ ಕೆಂಪು ಚಟ್ನಿಯ ಹಾಗೇ ಇತ್ತು. ಎರಡು ಸಲ ಹಾಕಿಸಿಕೊಂಡೆ. ಆಮೇಲೆ ಗೊತ್ತಾಯಿತು, ಅದಕ್ಕೆ ಒಣಗಿಸಿದ ಮೀನನ್ನು ಪುಡಿ ಮಾಡಿ ಹಾಕಿರುತ್ತಾರೆ. ಮಾಲ್ಡೀವ್ಸ್ ಮೀನು ಅಂತಾರೆ, ಸಿಂಹಳದಲ್ಲಿ ಉಂಬಲಕಡ. ಅವತ್ತು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅವರದ್ದು ತಪ್ಪಿಲ್ಲ, ಅದು ಅವರ ಪದ್ಧತಿ, ನಾನು ಕೇಳಬೇಕಿತ್ತು. ಹಾಕದೆಯೂ ಮಾಡಿಕೊಡುತ್ತಾರೆ, ಮೊದಲೇ ಹೇಳಬೇಕು ಅಷ್ಟೇ. ನಿಮ್ಮ ತಾಯಿಗೆ ಈ ಗತಿ ಬರಬಾರದು ಅಂತ ಬರೆದೆ.

ಸೈಕಲ್ ಸವಾರ

ಗೊಜ್ಜು ಹೊತ್ತುಕೊಂಡು ಹೋಗುವುದಾದರೆ ದೇಶ ಯಾಕೆ ನೋಡಬೇಕು? ಮನೆಯಲ್ಲೇ ಇರಬಹುದು. ಅಲ್ಲಿಯ ಊಟ ಉಣ್ಣದೇ ಬಂದರೆ ಆ ಊರು ನೋಡಿದ ಹಾಗೇ ಅಲ್ಲ.

ಅಗ್ರಹಾರದ ಅತ್ತೆ

ಸೈಕಲ್ ಸವಾರ, ನಿನಗೆ ಎಷ್ಟು ವಯಸ್ಸೋ ಗೊತ್ತಿಲ್ಲಪ್ಪ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಊಟ ಸಿಗದೆ ರಾತ್ರಿ ಹತ್ತು ಗಂಟೆಗೆ ಬೀದಿಯಲ್ಲಿ ನಿಂತು ನೋಡು, ಆಗ ಅವಲಕ್ಕಿಯ ಬೆಲೆ ಗೊತ್ತಾಗುತ್ತದೆ. ನಾನು ಹೋದ ಕಡೆ ಅಲ್ಲಿಯದನ್ನು ತಿನ್ನುವುದಿಲ್ಲ ಅಂತ ಎಲ್ಲಿ ಹೇಳಿದೆ? ಮೊದಲು ಅವರದ್ದು, ಸಿಗದಿದ್ದರೆ ನನ್ನದು. ಬ್ಯಾಗಿನಲ್ಲಿ ಗೊಜ್ಜು ಇದೆ ಅನ್ನುವ ಧೈರ್ಯಕ್ಕೇ ನಾನು ಹೊಸ ಅಂಗಡಿಗೆ ಕಾಲಿಡುವುದು.

ಸೈಕಲ್ ಸವಾರ

ಸರಿ ಅತ್ತೆ, ಮಾತು ಜೋರಾಯಿತು. ಕಾಯಿಲೆ ವಿಷಯ ನಾನು ಯೋಚಿಸಿರಲಿಲ್ಲ.

ಕಾಫಿಪುಡಿ

ಸಸ್ಯಾಹಾರಿಗೆ ಇಥಿಯೋಪಿಯಾದಷ್ಟು ಒಳ್ಳೆಯ ದೇಶ ಕಡಿಮೆ ಅಂತ ನನ್ನ ಅಭಿಪ್ರಾಯ. ಅಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ವ್ರತ ಮಾಡುತ್ತಾರೆ. ಮಾಂಸ, ಮೊಟ್ಟೆ ಬಿಡಿ, ಹಾಲು ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚೆ 55 ದಿನ ಇದೇ ವ್ರತ. ಹೋಟೆಲಿನಲ್ಲಿ "ಯೆತ್ಸೋಮ್ ಬೆಯಾಯ್ನೆತು" ಅಂತ ಕೇಳಿ. ವ್ರತದ ಊಟ ಅಂತ ಅರ್ಥ. ಅಗಲ ತಟ್ಟೆ ತುಂಬಾ ಇಂಜೆರಾ, ಅದರ ಮೇಲೆ ಮೈಸೂರು ಬೇಳೆಯ ಖಾರದ ಗೊಜ್ಜು, ಕಡಲೆ ಹಿಟ್ಟಿನ ಶಿರೊ, ಎಲೆಕೋಸು, ಬೀಟ್‌ರೂಟ್, ಸೊಪ್ಪು. ಎಲ್ಲರೂ ಒಂದೇ ತಟ್ಟೆಯಲ್ಲಿ ಕೈ ಹಾಕಿ ಉಣ್ಣುವುದು. ಪ್ರೀತಿ ಜಾಸ್ತಿ ಆದರೆ ತುತ್ತು ಮಾಡಿ ಪಕ್ಕದವರ ಬಾಯಿಗೆ ಇಡುತ್ತಾರೆ, ಅದಕ್ಕೆ ಗುರ್ಶಾ ಅಂತ ಹೆಸರು. ಕೈತುತ್ತು ತಿಂದು ಬೆಳೆದ ನಮಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಇಂಜೆರಾ ಅಂದರೆ ಟೆಫ್ ಅನ್ನುವ ಧಾನ್ಯದ ದೋಸೆ. ಟೆಫ್ ಕಾಳು ರಾಗಿಗಿಂತಲೂ ಸಣ್ಣದು. ಹಿಟ್ಟು ಕಲಸಿ ಎರಡು ಮೂರು ದಿನ ಹುಳಿ ಬರಿಸಿ, ದೊಡ್ಡ ಮಣ್ಣಿನ ಹೆಂಚಿನ ಮೇಲೆ ಸುತ್ತುಸುತ್ತಾಗಿ ಹುಯ್ದು, ಮುಚ್ಚಳ ಮುಚ್ಚಿ ಒಂದೇ ಕಡೆ ಬೇಯಿಸುತ್ತಾರೆ. ಮೇಲೆಲ್ಲಾ ನಮ್ಮ ಸೆಟ್ ದೋಸೆಯ ಹಾಗೆ ಕಣ್ಣು ಕಣ್ಣು. ಮೊದಲ ತುತ್ತು ತುಂಬಾ ಹುಳಿ ಅನ್ನಿಸುತ್ತದೆ. ಮೂರನೇ ದಿನಕ್ಕೆ ಅದಿಲ್ಲದೆ ಊಟ ಸೇರುವುದಿಲ್ಲ.

ಇನ್ನು ಕಾಫಿ. ಹಸಿ ಬೀಜವನ್ನು ನಿಮ್ಮ ಮುಂದೆಯೇ ಹುರಿದು, ಹೊಗೆಯನ್ನು ನಿಮ್ಮ ಕಡೆ ಬೀಸಿ, ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸಿ ಕೊಡುತ್ತಾರೆ. ಮೂರು ಸುತ್ತು ಕುಡಿಯಬೇಕು: ಅಬೋಲ್, ತೋನಾ, ಬೆರೆಕಾ. ಮಧ್ಯದಲ್ಲಿ ಎದ್ದು ಹೊರಟರೆ ಮನೆಯವರಿಗೆ ಬೇಜಾರಾಗುತ್ತದೆ.

ಪಾಂಡವಪುರ ಪಯಣಿಗ

ಕಾಫಿಪುಡಿ ಹೇಳಿದ್ದು ಅಕ್ಷರಶಃ ನಿಜ. ನಾನು ಹೋದದ್ದು ಬುಧವಾರವೇ. ಆ ಶಿರೊ ನಮ್ಮ ಜುಣಕದ ಅಣ್ಣನ ಹಾಗಿದೆ.

ವಿಯೆಟ್ನಾಂ ಕೇಳಿದಿರಲ್ಲ ಮದ್ದೂರು ವಡೆ. ಅಲ್ಲಿ ಎಲ್ಲದಕ್ಕೂ ಮೀನಿನ ರಸ ನುವೊಕ್ ಮಾಮ್ ಬೀಳುತ್ತದೆ, ಸೊಪ್ಪಿನ ಪಲ್ಯಕ್ಕೂ ಸಹ. ಆದರೆ 'ಚಾಯ್' ಅಂತ ಬೋರ್ಡ್ ಇರುವ ಅಂಗಡಿ ಪೂರ್ತಿ ಸಸ್ಯಾಹಾರ. ಅವರ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಹೆಚ್ಚುಕಡಿಮೆ ಅಮಾವಾಸ್ಯೆ ಹುಣ್ಣಿಮೆಗೆ, ಬೌದ್ಧರು ತುಂಬಾ ಜನ ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ಚಾಯ್ ಊಟ ಎಲ್ಲಾ ಕಡೆ ಸಿಗುತ್ತದೆ. ಬಾನ್ ಸೆವೊ ಅಂತ ಅಕ್ಕಿ ಹಿಟ್ಟಿಗೆ ಅರಿಶಿನ ಹಾಕಿದ ದೋಸೆ ಇದೆ. ಸೆವೊ ಅಂದರೆ ಕಾವಲಿ ಮೇಲೆ ಹಿಟ್ಟು ಹುಯ್ದಾಗ ಬರುವ ಸದ್ದು. ನಾವು ಚುಂಯ್ ಅನ್ನುತ್ತೇವಲ್ವಾ, ಹಾಗೆ. ಮಾಮೂಲಿಯಾಗಿ ಅದಕ್ಕೆ ಸಿಗಡಿ, ಹಂದಿ ಮಾಂಸ ತುಂಬುತ್ತಾರೆ. ಚಾಯ್ ಅಂಗಡಿಯಲ್ಲಿ ಅಣಬೆ.

ಹನೋಯ್ ಊರಲ್ಲಿ ಮೊಟ್ಟೆ ಕಾಫಿ ಕುಡಿದೆ. 1946ರಲ್ಲಿ ಹಾಲಿಗೆ ಬರ ಬಂದಾಗ ಹೋಟೆಲ್ ಕೆಲಸಗಾರರೊಬ್ಬರು ಮೊಟ್ಟೆಯ ಹಳದಿ ಕಡೆದು ಕಾಫಿ ಮೇಲೆ ಹಾಕಿ ಶುರು ಮಾಡಿದ್ದು. ಅವ್ವನಿಗೆ ಆಗದು, ಆದರೆ ನನಗೆ ಬಲು ಇಷ್ಟವಾಯಿತು.

ಸರ್ಕಾರಿ ನರ್ಸ್ ಅಕ್ಕ

ಊಟದ ಮಾತು ಆಮೇಲೆ, ಮೊದಲು ಇದನ್ನು ಓದಿ. ಉಗಾಂಡಾ, ಇಥಿಯೋಪಿಯಾ ಎರಡೂ ಹಳದಿ ಜ್ವರ ಇರುವ ದೇಶಗಳು. ಕಾಮಾಲೆ ಬೇರೆ, ಇದು ಸೊಳ್ಳೆಯಿಂದ ಬರುವ ಯೆಲ್ಲೋ ಫೀವರ್. ಲಸಿಕೆ ಹಾಕಿಸಿಕೊಂಡ ಸರ್ಟಿಫಿಕೇಟ್ ಇಲ್ಲದೆ ಅಲ್ಲಿಂದ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಬೇಕು. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಮಾತ್ರ ಹಾಕುತ್ತಾರೆ. ಒಂದು ಸಲ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ.

ನಿಮ್ಮ ತಾಯಿಗೆ 62 ಅಂದಿರಿ. 60 ದಾಟಿದವರು ಈ ಲಸಿಕೆಯನ್ನು ಮೊದಲ ಸಲ ಹಾಕಿಸಿಕೊಳ್ಳುವಾಗ ತೊಂದರೆಯ ಸಾಧ್ಯತೆ ಸ್ವಲ್ಪ ಜಾಸ್ತಿ. ಡಾಕ್ಟರ್ ನೋಡಿ ಹೇಳಬೇಕು. ಸುಮ್ನೆ ಟಿಕೆಟ್ ಬುಕ್ ಮಾಡಬೇಡಿ.

ಪಾಂಡವಪುರ ಪಯಣಿಗ

ಅಕ್ಕ, ನಾನು ಲಸಿಕೆ ಹಾಕಿಸಿಕೊಂಡೇ ಹೋಗಿದ್ದೆ, ಆದರೆ 60ರ ವಿಷಯ ತಲೆಗೇ ಬಂದಿರಲಿಲ್ಲ. ತುಂಬಾ ಉಪಕಾರವಾಯಿತು.

ನೈರೋಬಿಯಲ್ಲಿ ಮೂರು ವರ್ಷ

ಕೆಲಸದ ಮೇಲೆ ಕೀನ್ಯಾದಲ್ಲಿದ್ದವನು ನಾನು, ಮನೆ ಶ್ರೀರಂಗಪಟ್ಟಣ. ಅಲ್ಲಿ ದಿನಾ ಉಗಾಲಿ. ಬಿಳಿ ಮೆಕ್ಕೆಜೋಳದ ಮುದ್ದೆ. ಜೊತೆಗೆ ಸುಕುಮ ವಿಕಿ ಅನ್ನುವ ಸೊಪ್ಪಿನ ಪಲ್ಯ. ಆ ಹೆಸರಿನ ಅರ್ಥ 'ವಾರ ತಳ್ಳು'. ಸಂಬಳ ಮುಗಿದ ಮೇಲೂ ವಾರ ಸಾಗಿಸುವ ಸೊಪ್ಪು ಅಂತ. ರಾಗಿಗೆ ಅಲ್ಲಿ ವಿಂಬಿ. ಬೆಳಿಗ್ಗೆ ಅದರ ಗಂಜಿ ಕುಡಿಯುತ್ತಾರೆ, ಉಜಿ ಅಂತ. ನನ್ನ ಮಗು ಅಲ್ಲೇ ಹುಟ್ಟಿದ್ದು. ರಾಗಿ ಸರಿ ಎಲ್ಲಿ ತರಲಿ ಅಂತ ಹೆಂಡತಿ ಅಳುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಒಂದು ಡಬ್ಬ ವಿಂಬಿ ಹಿಟ್ಟು ತಂದುಕೊಟ್ಟರು, ಮಗುವಿಗೆ ಇದನ್ನೇ ಕೊಡುವುದು ಅಂತ. ಆ ಉಪಕಾರ ನಾವು ಮರೆಯುವ ಹಾಗಿಲ್ಲ.

ಉಗಾಂಡಾದಲ್ಲಿ ರೋಲೆಕ್ಸ್ ತಿಂದಿರಾ ಪಯಣಿಗ? ವಾಚಲ್ಲ, ಚಪಾತಿಯೊಳಗೆ ಆಮ್ಲೆಟ್ ಸುತ್ತಿ ಕೊಡುವುದು. 'ರೋಲ್ಡ್ ಎಗ್ಸ್' ಜನರ ಬಾಯಲ್ಲಿ ರೋಲೆಕ್ಸ್ ಆಯಿತು. ಚಪಾತಿ ಅಲ್ಲಿಗೆ ಹೋದದ್ದು ನಮ್ಮವರ ಜೊತೆ. 1896ರಲ್ಲಿ ಕೀನ್ಯಾದ ಮೊಂಬಾಸಾದಿಂದ ಉಗಾಂಡಾ ಕಡೆಗೆ ರೈಲು ಹಳಿ ಹಾಕಲು ಶುರು ಮಾಡಿದಾಗ ಇಂಡಿಯಾದಿಂದ ಸುಮಾರು 32,000 ಕೂಲಿಗಳನ್ನು ಕರೆದುಕೊಂಡು ಹೋದರು. ಹಿಂದೆಯೇ ವ್ಯಾಪಾರಿಗಳೂ ಹೋದರು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದವರನ್ನೆಲ್ಲಾ ಉಗಾಂಡಾದಿಂದ ಓಡಿಸಿದ. ಜನ ಹೋದರೂ ಚಪಾತಿ ಅಲ್ಲೇ ಉಳಿಯಿತು.

ಸೈಕಲ್ ಸವಾರ

ಮೆಕ್ಕೆಜೋಳದ್ದನ್ನು ಮುದ್ದೆ ಅನ್ನಬೇಡಿ ಸರ್. ಮುದ್ದೆ ಅಂದರೆ ರಾಗಿ.

ನೈರೋಬಿಯಲ್ಲಿ ಮೂರು ವರ್ಷ

ಉತ್ತರ ಕರ್ನಾಟಕದ ಕಡೆ ಜೋಳದ ಮುದ್ದೆ ಉಣ್ಣುತ್ತಾರೆ. ಅವರ ಮುಂದೆ ಈ ಮಾತು ಹೇಳಿ ನೋಡಿ!

ಸುಣ್ಣದ ಡಬ್ಬಿ

ಮೆಕ್ಕೆಜೋಳದ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಎರಡು ವರ್ಷ ಮೆಕ್ಸಿಕೋದಲ್ಲಿದ್ದೆ. ಮೆಕ್ಕೆಜೋಳದ ತವರು ಅದೇ. ಅಲ್ಲಿ ಅದನ್ನು ಹಾಗೇ ಬೀಸುವುದಿಲ್ಲ. ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲಾ ನೆನೆಸಿ, ತೊಳೆದು, ಆಮೇಲೆ ರುಬ್ಬಿ ರೊಟ್ಟಿ ತಟ್ಟುತ್ತಾರೆ. ವೀಳ್ಯದೆಲೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ಹಾಗೆ ಮಾಡಿದರೆ ಕಾಳಿನಲ್ಲಿರುವ ನಿಯಾಸಿನ್ ಅನ್ನುವ ಬಿ ವಿಟಮಿನ್ ಮೈಗೆ ಹತ್ತುತ್ತದೆ. ಯುರೋಪಿನವರು ಬೆಳೆ ತಂದರು, ಸುಣ್ಣದ ಬುದ್ಧಿ ತರಲಿಲ್ಲ. ಇಟಲಿಯ ಬಡವರು ಮೆಕ್ಕೆಜೋಳದ ಪೊಲೆಂಟಾ ಒಂದನ್ನೇ ಉಂಡು, ಆ ವಿಟಮಿನ್ ಸಿಗದೆ ಪೆಲಾಗ್ರಾ ಅನ್ನುವ ಕಾಯಿಲೆಗೆ ಬಿದ್ದರು. ಅದಕ್ಕೇ ನಾನು ಹೇಳುವುದು, ಒಂದು ಊಟವನ್ನು ಅದರ ತವರಿನಲ್ಲಿ ಹೋಗಿ ನೋಡಬೇಕು. ಪಯಣಿಗ ದುಡ್ಡು ದಂಡ ಮಾಡಿಲ್ಲ.

ಖಾರದ ಮೆಣಸಿನಕಾಯಿಯೂ ಅದೇ ಅಮೆರಿಕ ಖಂಡದ್ದು. ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದರು. ಅದಕ್ಕೆ ಮುಂಚೆ ನಮಗೆ ಖಾರ ಅಂದರೆ ಕಾಳುಮೆಣಸು. ಹೊಸ ಕಾಯಿಗೆ ಹಳೇ ಮೆಣಸಿನ ಹೆಸರನ್ನೇ ಇಟ್ಟೆವು.

ಮದ್ದೂರು ವಡೆ

ಮೆಣಸಿನಕಾಯಿ ಇಲ್ಲದ ಬಸ್ಸಾರು ಹೇಗಿತ್ತೋ! ಕಲ್ಪಿಸಿಕೊಳ್ಳಲೂ ಆಗುತ್ತಿಲ್ಲ.

ಪಿರಿಯಾಪಟ್ಟಣ ಬಸ್ಸು

ಇಷ್ಟೆಲ್ಲಾ ದುಡ್ಡು ಇಲ್ಲದವರು ಬೈಲಕುಪ್ಪೆಗೆ ಹೋಗಿ. ನಮ್ಮ ಜಿಲ್ಲೆಯಲ್ಲೇ ಇದೆ. 1960ರ ದಶಕದ ಶುರುವಿನಿಂದ ಟಿಬೆಟಿನವರು ಅಲ್ಲಿದ್ದಾರೆ. ಎಲ್ಲರೂ ಮೊಮೊ ತಿಂದು ಫೋಟೋ ತೆಗೆದು ವಾಪಸ್ ಬರುತ್ತಾರೆ. ಯಾರಾದರೂ ಪರಿಚಯದವರಿದ್ದರೆ ತ್ಸಂಪಾ ಕೇಳಿ. ಹುರಿದ ಬಾರ್ಲಿ ಹಿಟ್ಟು. ಬಟ್ಟಲಲ್ಲಿ ಉಪ್ಪು ಬೆಣ್ಣೆಯ ಚಹಾ ಹಾಕಿ, ಹಿಟ್ಟು ಸೇರಿಸಿ, ಕೈಯಲ್ಲೇ ನಾದಿ ಉಂಡೆ ಮಾಡಿ ತಿನ್ನುವುದು. ಒಲೆಯೇ ಬೇಡ. ಅದೂ ಮುದ್ದೆಯ ನೆಂಟನೇ. ನಮ್ಮ ಹುರಿಹಿಟ್ಟು ನೆನಪಾಗುತ್ತದೆ.

ಕೆರೆ ಬಯಲು

ಒಂದು ಸಂಶಯ. ನೇಪಾಳ, ಉಗಾಂಡಾದವರು ಮುದ್ದೆ ನುಂಗುತ್ತಾರಾ, ಅಗಿಯುತ್ತಾರಾ?

ಪಾಂಡವಪುರ ಪಯಣಿಗ

ನೇಪಾಳದಲ್ಲಿ ನನ್ನ ಜೊತೆ ಕೂತವರು ನಮ್ಮ ಹಾಗೇ ಸಾರಲ್ಲಿ ಅದ್ದಿ ನುಂಗಿದರು. ನಾನು ಅಗಿಯದೆ ನುಂಗಿದ್ದು ನೋಡಿ ಮನೆಯ ಯಜಮಾನರು ಬೆನ್ನು ತಟ್ಟಿದರು! ಉಗಾಂಡಾದಲ್ಲಿ ಚಿಕ್ಕ ತುತ್ತು ಮುರಿದು, ಹೆಬ್ಬೆರಳಲ್ಲಿ ಗುಳಿ ಮಾಡಿ, ಅದರಲ್ಲಿ ಸಾರು ತುಂಬಿಕೊಂಡು ಬಾಯಿಗೆ ಇಡುತ್ತಾರೆ. ಮರಗೆಣಸು ಇರುವುದರಿಂದ ಸ್ವಲ್ಪ ಎಳೆಎಳೆಯಾಗಿ ಬರುತ್ತದೆ, ನಮ್ಮದರ ಹಾಗೆ ಸಲೀಸಾಗಿ ಜಾರುವುದಿಲ್ಲ.

ಕಾಫಿಪುಡಿ

ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಫುಫು ಅಂತ ಇದೆ. ಮರಗೆಣಸು, ಬಾಳೆಕಾಯಿ ಬೇಯಿಸಿ ಒರಳಲ್ಲಿ ಕುಟ್ಟಿ ಮಾಡುವುದು. ಅದನ್ನೂ ಅಗಿಯುವುದಿಲ್ಲ, ನುಂಗುತ್ತಾರೆ. ಅಗಿದರೆ ಹೊಸಬ ಅಂತ ತಕ್ಷಣ ಗೊತ್ತಾಗುತ್ತದೆ. ಮಂಡ್ಯದಲ್ಲಿ ಬೆಂಗಳೂರಿನ ನೆಂಟರನ್ನು ನಾವು ಕಂಡುಹಿಡಿಯುವುದೂ ಹಾಗೇ ಅಲ್ವಾ?

ಅಗ್ರಹಾರದ ಅತ್ತೆ

ಪಯಣಿಗ, ಕೊನೆಗೆ ಏನು ತೀರ್ಮಾನ ಮಾಡಿದಿರಿ?

ಪಾಂಡವಪುರ ಪಯಣಿಗ

ನರ್ಸ್ ಅಕ್ಕ ಹೇಳಿದ ಹಾಗೆ ಡಾಕ್ಟರ್ ಹತ್ತಿರ ಹೋಗಿದ್ದೆವು. ಅವ್ವನಿಗೆ ಬಿಪಿ ಇದೆ, ವಯಸ್ಸೂ ಆಗಿದೆ, ಆ ಲಸಿಕೆ ಬೇಡ ಅಂದರು. ಆಫ್ರಿಕಾ ಬಿಟ್ಟೆವು. ಮೊದಲು ನೇಪಾಳ. ವೀಸಾ ಬೇಡ, ವೋಟರ್ ಐಡಿ ಸಾಕು, ಧಿಂಡೋ ಇದೆ, ಅನ್ನ ಬೇಳೆ ಸಾರು ಎಲ್ಲಾ ಕಡೆ ಸಿಗುತ್ತದೆ. ಮುಂದಿನ ವರ್ಷ ಶ್ರೀಲಂಕಾ. ಸಂಬೋಲದ ವಿಷಯ ಅತ್ತೆ ಹೇಳಿದ್ದನ್ನು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಚಟ್ನಿಪುಡಿಯೂ ಬರುತ್ತದೆ.

ಚಿಕ್ಕಪ್ಪನಿಗೆ ಇಂಡಾಫ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಉಗಾಂಡಾದವರು ಎಕರೆಗೆ ಎಷ್ಟು ಬೆಳೀತಾರಂತೆ?" ಅಂತ ಕೇಳಿದರು.

ಸೈಕಲ್ ಸವಾರ

ಅಣ್ಣ, ಆ ಕಡ್ಲೆಕಾಯಿ ಸಾರು ಮಾಡುವುದು ಹೇಗೆ ಅಂತ ಹೇಳಿ. ಇವತ್ತೇ ಮಾಡುತ್ತೇನೆ.

ಪಾಂಡವಪುರ ಪಯಣಿಗ

ಕೆಂಪು ಸಿಪ್ಪೆಯ ಕಡ್ಲೆಕಾಯಿ ಬೀಜ, ಹಸಿಯದೇ, ಹುರಿಯಬಾರದು. ಕುಟ್ಟಿ ಪುಡಿ ಮಾಡಿ. ಈರುಳ್ಳಿ, ಟೊಮೇಟೊ ಬಾಡಿಸಿ, ಪುಡಿ ಹಾಕಿ, ನೀರು ಬಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ. ತಳ ಹಿಡಿಯುತ್ತದೆ, ತಿರುವುತ್ತಲೇ ಇರಿ. ಉಪ್ಪು ಕೊನೆಗೆ. ಬಣ್ಣ ತಿಳಿ ಗುಲಾಬಿ ಬರಬೇಕು. ಅವರು ಒಣ ಮೀನು ಅಥವಾ ಅಣಬೆ ಸೇರಿಸುತ್ತಾರೆ.

ಅಗ್ರಹಾರದ ಅತ್ತೆ

ನಾನೇ ಮೊದಲು ಮಾಡಿದೆ. ಅಣಬೆ ಇಲ್ಲ, ಒಂದು ಹಸಿಮೆಣಸಿನಕಾಯಿ ಸೀಳಿ ಹಾಕಿದೆ. ನಮ್ಮ ಮನೆಯಲ್ಲಿ ಮುದ್ದೆ ಮಾಡುವುದೇ ಅಪರೂಪ, ಎರಡು ಸಲ ಗಂಟಾಯಿತು, ಮೂರನೇ ಸಲ ಬಂತು. ನಮ್ಮ ಯಜಮಾನರು ಎರಡನೇ ಮುದ್ದೆ ಹಾಕಿಸಿಕೊಂಡರು. ಚೂರು ಹುಣಸೆ ರಸ ಬಿಟ್ಟಿದ್ದೆ. ಅಲ್ಲಿ ಹುಣಸೆ ಹಾಕುತ್ತಾರಾ?

ಪಾಂಡವಪುರ ಪಯಣಿಗ

ನಾನು ಉಂಡ ಕಡೆ ಹಾಕಿರಲಿಲ್ಲ ಅತ್ತೆ, ಟೊಮೇಟೊ ಹುಳಿಯೇ. ಆದರೆ ಅವ್ವ ಕೇಳಿಸಿಕೊಂಡರು, ನಾಳೆ ಹುಣಸೆ ಹಾಕಿಯೇ ಮಾಡುತ್ತಾರಂತೆ.